ಟವೆಲ್ ಕಟ್ಟಿಕೊಂಡ ಇನ್ನೂರೈವತ್ತು ಕುದುರೆ

ಕುದುರೆಯಕ್ಕ ಹುಟ್ಟಿದಾಗಿನಿಂದ ಒಂದು ಕುದುರೆಯ ಬಾಲವನ್ನೂ ಮುಟ್ಟಿದವಳಲ್ಲ. ಆದರೂ ಯಾವ ರಾಜನ ಲಾಯದಲ್ಲೂ ಇಲ್ಲದಷ್ಟು ಕುದುರೆ ಅವಳ ತಗಡಿನ ಶೆಡ್ಡಿನಲ್ಲಿ ಓಡಿವೆ. ನೆಲದಲ್ಲಿ ಎರಡು ಕಬ್ಬಿಣದ ರೋಲರ್. ಅವುಗಳ ಮೇಲೆ ಗಾಡಿಯ ಹಿಂದಿನ ಚಕ್ರ ನಿಲ್ಲಿಸಿ, ಸರಪಳಿ ಬಿಗಿದು ಓಡಿಸಿದರೆ, ಚಕ್ರಕ್ಕೆ ಎಷ್ಟು ಹಾರ್ಸ್‌ಪವರ್, ಅಂದರೆ ಎಷ್ಟು ಕುದುರೆಯ ಬಲ, ಬರುತ್ತಿದೆಯೆಂದು ಮೀಟರಿನ ಮುಳ್ಳು ಹೇಳುತ್ತದೆ. ಮುಳ್ಳು ಏಳುವಾಗಲೆಲ್ಲ ಅಕ್ಕನ ಬಾಯಿ ತಾನಾಗಿ ತೆರೆಯುತ್ತಿತ್ತು. ಒಮ್ಮೆ ಗುಬ್ಬಿಯೊಂದು ಆ ಬಾಯೊಳಗೆ ಗೂಡು ಕಟ್ಟಲು ಕಡ್ಡಿ ತಂದಿತ್ತಂತೆ. ನಂಬದವರು ಗುಬ್ಬಿಯನ್ನೇ ಕೇಳಲಿ.

ಅವತ್ತು ಅವಳ ಅಣ್ಣ, ತಾನು ಓಡಿಸುವ ಕಲ್ಲುಕೋರೆಯ ಹಳೇ ಡೀಸೆಲ್ ಪಿಕಪ್ ತಂದ. ಕೋರೆಯ ಧಣಿ ಕಡ್ಡಿ ಮುರಿದಂತೆ ಹೇಳಿದ್ದ: ಇನ್ನೂರು ಬಂದರೆ ಕಲ್ಲು ಎಳೆಯಲಿ, ಬರದಿದ್ದರೆ ಗುಜರಿಗೆ.

"ಕಂಪನಿಯೋರು ಇನ್ನೂರೈವತ್ತು ಅಂದಿದ್ದಾರಮ್ಮ," ಎಂದ ಅಣ್ಣ.

"ಅದು ಎಂಜಿನ್ ಲೆಕ್ಕ ಅಣ್ಣಾ. ಗೇರ್‌ಬಾಕ್ಸು, ಆಕ್ಸಲ್ಲು ದಾಟಿ ಚಕ್ರಕ್ಕೆ ಬರೋಷ್ಟ್ರಲ್ಲಿ ಒಂದಷ್ಟು ಕುದುರೆ ದಾರೀಲೇ ಮಲಗಿಬಿಡ್ತವೆ."

ಓಡಿಸಿದಳು. ಮುಳ್ಳು ನೂರಿಪ್ಪತ್ತಕ್ಕೆ ಏದುಸಿರು ಬಿಟ್ಟು ನಿಂತಿತು. ಹೊಗೆಯೋ, ಅದರ ಪಕ್ಕ ಕಾಗೆ ಕೂತಿದ್ದರೆ ಕೊಕ್ಕರೆಯಂತೆ ಕಾಣುತ್ತಿತ್ತು!

ಅಣ್ಣನ ಮುಖ ಇಳಿದುಹೋಯಿತು. "ಮುಗೀತು. ನನ್ನ ಮಕ್ಕಳು ನಿದ್ದೆ ಮಾಡಿ ಬೆಳೆದಿದ್ದೇ ಇದರ ಸೀಟಲ್ಲಿ ಕಣೇ."

"ತಾಳಣ್ಣ. ಇಷ್ಟು ಕಪ್ಪು ಹೊಗೆ ಅಂದ್ರೆ ಡೀಸೆಲ್ ಸಿಗ್ತಿದೆ, ಗಾಳಿ ಸಿಗ್ತಿಲ್ಲ. ಬರೋ ಮುಂಚೆ ಏನ್ ಮಾಡ್ದೆ?"

"ಪರೀಕ್ಷೆ ಅಂತ ಎಂಜಿನ್ ಸಮೇತ ತೊಳೆದೆ, ಅಷ್ಟೆ."

ಅಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಯಾವಾಗ್ಲೂ ಹೆಗಲ ಮೇಲಿರೋ ಟವೆಲ್ ಎಲ್ಲಿ?"

ಅಣ್ಣ ಹೆಗಲು ತಡವಿಕೊಂಡ. ಕಣ್ಣು ಪಿಳಿಪಿಳಿ ಬಿಟ್ಟ. "ನೀರು ಹೋಗಬಾರ್ದು ಅಂತ... ಗಾಳಿ ಪೈಪಿನ ಬಾಯಿಗೆ ಕಟ್ಟಿದ್ದೆ."

"ಅಯ್ಯೋ ಮಹಾನುಭಾವ! ನಿನ್ನ ಮೂಗಿಗೆ ಅದನ್ನ ಕಟ್ಟಿ ಗುಡ್ಡ ಹತ್ತಿಸ್ತೀನಿ, ಬಾ!"

ಟವೆಲ್ ಬಿಚ್ಚಿ ಮತ್ತೆ ಓಡಿಸಿದಳು. ತಗಡು ನಡುಗಿತು, ಸರಪಳಿ ತಂತಿಯಂತೆ ಬಿಗಿದುಕೊಂಡಿತು, ಮೇಜಿನ ಮೇಲಿನ ಸ್ಪ್ಯಾನರ್‌ಗಳು ಮನೆಗೆ ಹೊರಟವು. ಪಕ್ಕದ ಟೈಲರನ ಮಿಷನ್ನು ಆ ನಡುಕಕ್ಕೇ ಅಂಗಿಯ ಒಂದು ತೋಳು ಹೊಲಿದು ಮುಗಿಸಿತಂತೆ. ಮುಳ್ಳು ನೂರೈವತ್ತು ದಾಟಿತು, ನೂರೆಂಬತ್ತು ದಾಟಿತು, ಇನ್ನೂರರ ಹೊಸ್ತಿಲಲ್ಲಿ ಅನುಮಾನಿಸಿತು... ಇನ್ನೂರೆಂಟು!

ಎಂಜಿನ್ ನಿಂತ ಮೇಲೆ ಇಬ್ಬರೂ ಬೆಚ್ಚಗಿನ ಬಾನೆಟ್ ಮೇಲೆ ಕೈಯಿಟ್ಟುಕೊಂಡು ನಿಂತರು.

"ಇಷ್ಟೇ ಇಷ್ಟು ಪೆಟ್ಟಿಗೇಲಿ ಅಷ್ಟು ಕುದುರೆ ಹೇಗೆ ಹಿಡಿಸ್ತಾವೆ?" ಅಣ್ಣ ಪಿಸುಗುಟ್ಟಿದ.

"ನಂಗೂ ಇನ್ನೂ ಗೊತ್ತಾಗಿಲ್ಲ," ಎಂದಳು ಕುದುರೆಯಕ್ಕ. ತೆರೆದ ಬಾಯಿ ಇನ್ನೂ ಮುಚ್ಚಿರಲಿಲ್ಲ.

ಅಣ್ಣ ಆ ಒದ್ದೆ ಟವೆಲ್ಲಿನಲ್ಲೇ ಕಣ್ಣೊರೆಸಿಕೊಂಡು, ಅದನ್ನು ಹೆಗಲಿಗೆ ಭದ್ರವಾಗಿ ಗಂಟು ಹಾಕಿಕೊಂಡು, ಕೋರೆಯ ಕಡೆ ಗಾಡಿ ತಿರುಗಿಸಿದ.