ಮಾಪ್ಯಾನ ಹಳದಿ ಟೇಪು

ಎಲ್ಲರಿಗೂ ನಮಸ್ಕಾರ. ನಾನು ಶಾಲೆಗೆ ಸೇರಿದ್ದೇ ಹತ್ತು ವರ್ಷ ತುಂಬಿದ ಮೇಲೆ. ಈಗಲೂ ಒಂದೊಂದೇ ಅಕ್ಷರ ಹುಡುಕಿ ಫೋನಿನಲ್ಲಿ ಒತ್ತುತ್ತೇನೆ. ಒತ್ತಕ್ಷರ, ದೀರ್ಘ ತಪ್ಪಿದ್ದರೆ ನಿಮ್ಮ ಮನೆಯ ಹುಡುಗ ಬರೆದದ್ದೆಂದು ತಿಳಿದು ಹೊಟ್ಟೆಗೆ ಹಾಕಿಕೊಳ್ಳಿ.

ಆಗ ಖಾನಾಪುರದ ನಮ್ಮ ಓಣಿಯಲ್ಲಿ ಬಣ್ಣದ ಟಿವಿ ಇದ್ದದ್ದು ನನ್ನ ಗೆಳೆಯ ಜಿನ್ನಪ್ಪನ ಮನೆಯಲ್ಲಿ ಮಾತ್ರ. ಅವರು ಜೈನರು, ಕಿರಾಣಿ ಅಂಗಡಿಯವರು. ನಾವು ಎಮ್ಮೆ ಕಟ್ಟಿದವರು. ದಿನಾ ಸಂಜೆ ಹಾಲಿನ ಕ್ಯಾನು ಹಿಡಿದು ಅವರ ಮನೆಗೆ ಹೋಗುತ್ತಿದ್ದೆ. ಹೊತ್ತು ಮುಳುಗುವ ಮೊದಲೇ ಅವರ ಊಟ. ಅದೇ ಹೊತ್ತಿಗೆ ಟಿವಿಯಲ್ಲಿ ಕಾರ್ಟೂನು. ಜಿನ್ನೂನ ಅವ್ವನನ್ನು ನಾನು ಕಾಕು ಅನ್ನುತ್ತಿದ್ದೆ. ಕಾಕು ಒಗ್ಗರಣೆ ಹಾಕಿದ ಚುರಮರಿ ಕೊಡುತ್ತಿದ್ದರು. ನಾನು ಹೊಸ್ತಿಲ ಹತ್ತಿರ ಕೂತು ನೋಡುತ್ತಿದ್ದೆ. ಮಾತೆಲ್ಲ ಹಿಂದಿ. ಜಿನ್ನೂ ತುತ್ತು ನುಂಗುತ್ತಲೇ ನನಗೆ ಬಿಡಿಸಿ ಹೇಳುತ್ತಿದ್ದ.

ಅದರ ಹೀರೋ ಹಗಲು ಸೈಕಲ್ ಮೇಲೆ ಮನೆಮನೆಗೆ ಹಾಲು ಹಾಕುವವನು. ಸೈಕಲ್ ಪಂಕ್ಚರ್ ಆಗುತ್ತಿತ್ತು, ತಡವಾದರೆ ಮಾಲೀಕ ಬೈಯುತ್ತಿದ್ದ, ಮನೆಯಲ್ಲಿ ಅಜ್ಜಿಗೆ ಕೆಮ್ಮು. ಊರಿಗೆ ಕಷ್ಟ ಬಂದಾಗ ಮಾತ್ರ ಕೆಂಪು ಹೊದಿಕೆ ಹೊದ್ದು ಹಾರುತ್ತಿದ್ದ. ಹಾಲು ಹಾಕುವವನೂ ಹಾರಬಹುದಲ್ಲ ಎಂದು ನನಗೆ ಅವನ ಮೇಲೆ ಬಹಳ ಜೀವ.

ಆದರೆ ಕನಸಿನಲ್ಲಿ ಬರುತ್ತಿದ್ದವನು ಖಳ. ಮಾಪು ಅಂದರೆ ಅಳತೆ, ಅದಕ್ಕೇ ಅವನಿಗೆ ನಾವಿಟ್ಟ ಹೆಸರು ಮಾಪ್ಯಾ. ಉದ್ದ ಬೆರಳು, ಕೊರಳಲ್ಲಿ ಹಳದಿ ಟೇಪು. ಯಾರ ಮೈ ಅಳತೆ ತೆಗೆದರೂ ಅವರಂಥದೇ ತಗಡಿನ ಮನುಷ್ಯನನ್ನು ಮಾಡಿ ಅವರ ಮನೆಗೆ ಕಳಿಸುತ್ತಿದ್ದ. ತಗಡಿನವನ ಮೈ ತಣ್ಣಗೆ, ಅವನಿಗೆ ನಗು ಬರುವುದಿಲ್ಲ. ಹೆತ್ತವರಿಗೂ ಗುರುತು ಹತ್ತುವುದಿಲ್ಲ. ಖರೇ ಮನುಷ್ಯ ಮಾಪ್ಯಾನ ನೆಲಮಾಳಿಗೆಯಲ್ಲಿ ಕೂಗುತ್ತಿರುತ್ತಾನೆ, ಕೂಗು ಮೇಲೆ ಕೇಳುವುದಿಲ್ಲ.

ಆ ಜೂನಿನಲ್ಲಿ ಅಪ್ಪ ನನ್ನನ್ನು ಶಾಲೆಗೆ ಕರೆದುಕೊಂಡು ಹೋದ. ಹುಟ್ಟಿದ ತಾರೀಖು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಬಲಗೈ ತಲಿ ಮ್ಯಾಲಿಂದ ತಂದು ಎಡಗಿವಿ ಹಿಡಿಯಪಾ," ಎಂದರು ಮಾಸ್ತರು. ಕೈ ಕಿವಿಗೆ ಮುಟ್ಟಿದರೆ ಒಂದನೆಯ ಇಯತ್ತೆಗೆ ಸಾಕು. ನನ್ನದು ಕಿವಿ ದಾಟಿ ಗದ್ದಕ್ಕೆ ಬಂತು.

"ಇಂವಾ ಒಂದನೇತ್ತಕ್ಕ ಅಲ್ಲ, ಮದವಿಗಿ ಬಂದಾನ," ಎಂದು ಮಾಸ್ತರು ನಕ್ಕರು. ಅಪ್ಪನೂ ನಕ್ಕ. ನನಗೆ ಬೆವರು. ಟೇಪಿಲ್ಲದ ಅಳತೆ, ನಡೆಯುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಸಮವಸ್ತ್ರಕ್ಕೆ ಅಪ್ಪ ಅರಿವೆ ಕೊಡಿಸಿ, ನನ್ನನ್ನೂ ಜಿನ್ನೂನನ್ನೂ ಟೇಲರ್ ವಿಠ್ಠಲಮಾಮಾನ ಅಂಗಡಿಯಲ್ಲಿ ಬಿಟ್ಟು ಎಮ್ಮೆಗೆ ಹಿಂಡಿ ತರಲು ಹೋದ. ಮಾಮಾ ಕೊರಳಿಂದ ಟೇಪು ತೆಗೆದರು. ಹಳದಿ. ನಾನು ಬಾಗಿಲ ಹಿಂದೆ ಸರಿದೆ.

"ಮಾಮಾ, ಇವಂದ ತಗೋರಿ. ನಾವಿಬ್ಬರೂ ಒಂದ ಅಳತಿ ಅದೀವಿ."

ಜಿನ್ನೂ ನನ್ನ ಮುಖ ನೋಡಿದ. ಅವನಿಗೆ ತಿಳಿಯಿತು. "ಹೆದರಪುಕ್ಕಾ," ಅಂದು, ಎರಡೂ ಕೈ ಅಗಲಿಸಿ ಹೋಗಿ ನಿಂತ.

ಮರುದಿನ ಜಿನ್ನೂ ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಹಾಲು ಒಯ್ದಾಗ ಟಿವಿ ಬಂದ್ ಇತ್ತು.

"ಜ್ವರಾ ಬಂದಾವಪಾ. ಮಳ್ಯಾಗ ಕುಣೀಬ್ಯಾಡ ಅಂದ್ರ ಕೇಳಿಲ್ಲ," ಎಂದರು ಕಾಕು.

ಮೂರನೆಯ ದಿನ ಒಳಗೆ ಹೋಗಲು ಬಿಟ್ಟರು. ಜ್ವರ ಬಿಟ್ಟಿದೆ ಎಂದರು. ಕೋಣೆಯಲ್ಲಿ ವಿಕ್ಸ್ ವಾಸನೆ. ಅವನ ಪಾದ ಮುಟ್ಟಿದೆ. ಬಾವಿಯ ಕಲ್ಲಿನ ಹಾಗೆ ತಣ್ಣಗಿತ್ತು.

"ಜಿನ್ನೂ, ನಾ ಯಾರು ಹೇಳು?"

ಅವನು ಒಮ್ಮೆ ನೋಡಿದ. ನಗಲಿಲ್ಲ. ಗೋಡೆಯ ಕಡೆ ಹೊರಳಿದ.

ಕ್ಯಾನು ಅಲ್ಲೇ ಬಿಟ್ಟು ಓಡಿದೆ. ಹಾಸಿಗೆಯಲ್ಲಿರುವುದು ತಗಡು. ಖರೇ ಜಿನ್ನೂ ಎಲ್ಲೋ ನೆಲದ ಕೆಳಗೆ ನನ್ನ ಹೆಸರು ಹಿಡಿದು ಕೂಗುತ್ತಿದ್ದಾನೆ. ಒಂದು ದಿನದ ಕತೆಯಲ್ಲಿ ಹೀರೋ ಅಜ್ಜಿಯನ್ನು ಬಿಡಿಸಲು ತಾನೇ ಮಾಪ್ಯಾನ ಮುಂದೆ ಅಳತೆಗೆ ನಿಂತಿದ್ದ. ಬೇರೆ ದಾರಿ ನನಗೆ ಗೊತ್ತಿರಲಿಲ್ಲ.

"ಮಾಮಾ, ಜಿನ್ನೂನ ಅಳತಿ ಚೀಟಿ ಹರದ ಒಗೀರಿ. ನಂದು ತಗೋರಿ."

"ಚಡ್ಡಿ ಹೊಲದ ಆತಲ್ಲೋ."

"ಹೊಲ್ಯಾಕ ಅಲ್ರಿ."

"ಮತ್ತ್ಯಾಕ?"

"ಸುಮ್ಮ ತಗೋರಿ ಮಾಮಾ."

ಮಾಮಾ ಚಸ್ಮಾದ ಮೇಲಿಂದ ನನ್ನನ್ನು ನೋಡಿದರು. ಚೀಟಿ ಹರಿದರು. ಟೇಪು ಎದೆಗೆ ಬಂತು, ಸೊಂಟಕ್ಕೆ ಬಂತು, ತೊಡೆಗೆ ಬಂತು. ನಾನು ಕಣ್ಣು ಮುಚ್ಚಿದ್ದೆ.

"ಉಸರ ಬಿಡೋ, ಸಾಯ್ತಿ," ಎಂದರು.

ಮನೆಗೆ ಹೋಗುವಾಗ ದಾರಿಯುದ್ದಕ್ಕೂ, ತಗಡಿನ ಸದ್ದು ಬರುತ್ತದೋ ಎಂದು ಮೊಣಕೈ ಬಡಿದು ನೋಡಿಕೊಂಡೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅವಳ ಎದುರು ಹೋಗಿ ನಿಂತೆ, ಗುರುತು ಹಿಡಿಯುತ್ತಾಳೋ ಇಲ್ಲವೋ ಎಂದು. "ಕ್ಯಾನ್ ಎಲ್ಲಿ ಬಿಟ್ಟ ಬಂದಿ? ಕೈ ತೊಳಕೊ, ಉಣ್ಣು," ಅಂದಳು, ತಲೆ ಎತ್ತಲೇ ಇಲ್ಲ. ಅವತ್ತಿನಷ್ಟು ಹೆದರಿಕೆ ನನಗೆ ಮುಂದೆ ಯಾವತ್ತೂ ಆಗಿಲ್ಲ.

ಮರುದಿನ ಹಾಲು ಒಯ್ದರೆ ಜಿನ್ನೂ ಕಟ್ಟೆಯ ಮೇಲೆ ಕೂತು ಚುರಮರಿ ತಿನ್ನುತ್ತಿದ್ದ. ನಾನು ಹೊಸ ಚಡ್ಡಿ ಹಾಕಿದ್ದೆ. ಅವನ ಅಳತೆಯದು, ಗುಂಡಿ ಹತ್ತದೆ ಉಡದಾರದಿಂದ ಬಿಗಿದಿದ್ದೆ. ಜಿನ್ನೂ ಅದನ್ನು ನೋಡಿ ಬಿದ್ದು ಬಿದ್ದು ನಕ್ಕ. ನಾನು ಅಳುತ್ತಾ ಎಲ್ಲ ಹೇಳಿದೆ. ಅವನು ನಗು ನಿಲ್ಲಿಸಿ ನನ್ನ ಬೆನ್ನಿಗೆ ಕಿವಿ ಹಚ್ಚಿ, ಬೆರಳಿನಿಂದ ಟಕ್ಕ ಟಕ್ಕ ಬಡಿದ.

"ತಗಡಲ್ಲ. ನೀನ ಅದಿ," ಅಂದ.

ಈಗ ನಾನು ಬೆಳಗಾವಿಯ ಸದಾಶಿವನಗರದಲ್ಲಿ ಒಂದು ಆಫೀಸಿನ ಸಿಪಾಯಿ. ಖಾನಾಪುರದಿಂದ ದಿನಾ ಬಸ್ಸು. ಜಿನ್ನೂ ತಂದೆಯ ಅಂಗಡಿ ನೋಡಿಕೊಳ್ಳುತ್ತಾನೆ. ಬಸ್ಸಿನ ಕಿಟಕಿಯಿಂದ ಕೈ ಎತ್ತುತ್ತೇನೆ, ಅವನೂ ಎತ್ತುತ್ತಾನೆ, ಅಷ್ಟೇ. ಮೊನ್ನೆ ಮಗಳು ಫೋನಿನಲ್ಲಿ ಆ ಕಾರ್ಟೂನು ಹುಡುಕಿ ತೋರಿಸಿದಳು. ಮಾಪ್ಯಾ ಒಬ್ಬ ಬಡಕಲು ಮುದುಕ. ನನಗೆ ಏನೂ ಅನ್ನಿಸಲಿಲ್ಲ.

ಆಫೀಸಿನ ಬಾಗಿಲಲ್ಲಿ ಒಂದು ಯಂತ್ರವಿದೆ. ದಿನಾ ಬೆಳಿಗ್ಗೆ ಅದರ ಮುಂದೆ ನಿಂತರೆ ನನ್ನ ಮುಖ ಅಳೆದು ಹಾಜರಿ ಹಾಕುತ್ತದೆ. ಹೆದರದೆ ನಿಲ್ಲುತ್ತೇನೆ. ಸಂಜೆ ದಣಿದು ಮನೆಗೆ ಬಂದು, ಯಾರ ಜೊತೆಯೂ ನಗದೆ ಉಂಡು ಮಲಗುತ್ತೇನೆ. ಬೆನ್ನು ಬಡಿದು ನೋಡುವವರು ಈಗ ಇಲ್ಲ. ಈ ಭಾನುವಾರ ಜಿನ್ನೂನ ಅಂಗಡಿಗೆ ಹೋಗಿ ಬೆನ್ನು ತಿರುಗಿಸಿ ನಿಲ್ಲಬೇಕು ಅಂದುಕೊಂಡಿದ್ದೇನೆ.

ನಿಮ್ಮನ್ನೂ ಸಣ್ಣವರಿದ್ದಾಗ ಇಂಥ ಖಳ ಯಾರಾದರೂ ಹೆದರಿಸಿದ್ದನೇ? ನಿಮ್ಮ ಬದಲು ಯಾರು ಹೋಗಿ ನಿಂತಿದ್ದರು? ಬರೆಯಿರಿ, ನಿಧಾನವಾಗಿ ಓದುತ್ತೇನೆ.