ಅಂಡಾಶಯದ ಅಫೀಮು, ಪಡಸಾಲೆಯ ಚಾಪೆ

ಬನಹಟ್ಟಿಯ ನಮ್ಮ ಓಣಿಯಲ್ಲಿ ಹೆಣ್ಣುಮಕ್ಕಳ ತಪಾಸಣೆಗೆ ಯಂತ್ರ ಬೇಕಿರಲಿಲ್ಲ, ಎದುರುಮನೆಯ ಸೋದರತ್ತೆಯ ಕಣ್ಣು ಸಾಕಿತ್ತು. ಮುಟ್ಟಾದವಳು ಪಡಸಾಲೆಯಲ್ಲಿ ಚಾಪೆ ಹಾಕಿ ಹೊರಗೆ ಕೂರಬೇಕು. ಯಾರು ಕೂತರು, ಯಾರು ಕೂರಲಿಲ್ಲ ಎಂಬುದು ಆಕೆಗೆ ಬಾಯಿಪಾಠ.

ನಾನಾಗ ದಿನಾ ಬಸ್ಸಿನಲ್ಲಿ ಜಮಖಂಡಿಗೆ ಹೋಗಿಬಂದು ಎಂ.ಎಸ್ಸಿ. ಓದುತ್ತಿದ್ದೆ. ನೇಕಾರರ ನಮ್ಮ ಮನೆತನದಲ್ಲಿ ನನಗಿಂತ ಮೊದಲು ಯಾರೂ ಡಿಗ್ರಿ ಪಡೆದಿರಲಿಲ್ಲ. ಇದನ್ನು ಕೇಳದವರಿಗೂ ಹೇಳುತ್ತೇನೆ. ಆ ವರ್ಷ ನನ್ನ ಮುಟ್ಟು ತಿಂಗಳುಗಟ್ಟಲೆ ಬರಲಿಲ್ಲ. ಸ್ಕ್ಯಾನ್ ಮಾಡಿದ ಡಾಕ್ಟರು ಪಿಸಿಓಎಸ್, ಅಂಡಾಶಯದ ತೊಂದರೆ, ಎಂದು ಗುಳಿಗೆ ಬರೆದರು. ಅತ್ತೆ ಸ್ಕ್ಯಾನ್ ಇಲ್ಲದೆಯೇ ರೋಗ ಕಂಡುಹಿಡಿದಳು.

"ತಮ್ಮಾ, ನಿನ್ನ ಮಗಳು ಹೊರಗ ಕೂತು ಎಷ್ಟ ದಿನಾ ಆತು? ಕಾಲೇಜಿಗೆ ಹೋಗತಾಳೊ, ಮತ್ತೆಲ್ಲಿಗರೆ ಹೋಗತಾಳೊ? ಸಾಲಿ ಬಿಡಸು ಮೊದಲ."

ಅಪ್ಪ ಮಗ್ಗ ನಿಲ್ಲಿಸಿದ. ಕರೆಂಟು ಹೋಗದೆ ಆತ ಎಂದೂ ಮಗ್ಗ ನಿಲ್ಲಿಸಿದವನಲ್ಲ. ನನ್ನ ಓದು ಮುಗಿಯಿತು ಅಂದುಕೊಂಡೆ.

ಕಲಿತವಳಲ್ಲವೇ, ಪಾಠ ಶುರುಮಾಡಿದೆ. "ಅತ್ತಿ, ನಮ್ಮ ಮೈ ತಾನ ಅಫೀಮಿನಂಥಾ ರಸಾ ಮಾಡ್ಕೋತೈತಿ. ಎಂಡಾರ್ಫಿನ್ ಅಂತಾರ. ಮಿದುಳಿನಾಗಷ್ಟ ಅಲ್ಲ, ಅಂಡಾಶಯದಾಗೂ ಇರತೈತಿ. ತತ್ತಿ ಬಲಿಯೋ ಮುಂದ ಆ ರಸಾ ಏರತೈತಿ. ನನಗ ತತ್ತಿ ಸರಿಯಾಗಿ ಬಲಿಯಾಂಗಿಲ್ಲ. ನನ್ನಂಥವರಿಗೆ ಆ ರಸದ್ದೂ ಹದಾ ತಪ್ಪಿರಬಹುದು, ಇನ್ನಾ ಪಕ್ಕಾ ಗೊತ್ತಾಗಿಲ್ಲ…"

"ಕೇಳಿದ್ಯಾ ತಮ್ಮಾ! ಹೊಟ್ಟ್ಯಾಗ ಅಫೀಮು ಐತಂತ! ಇದನ್ನ ಕಲ್ಯಾಕ ಬಸ್‌ಪಾಸ್ ಮಾಡಿಸಿಕೊಟ್ಟೀಯೇನ?"

ವಿಜ್ಞಾನದ ಪ್ರಚಾರ ಅಲ್ಲಿಗೇ ಮುಗಿಯಿತು. ಮರುದಿನ ಬೆಳಿಗ್ಗೆ ಅವ್ವ ಓಣಿಗೆಲ್ಲ ಕೇಳುವಂತೆ ಒದರಿದಳು: "ಏ, ಒಳಗ ಬರಬ್ಯಾಡ! ಅಲ್ಲೇ ಕೂಡು!"

ಆಗದ ಮುಟ್ಟಿಗೆ ನಾನು ಚಾಪೆ ಹಾಸಿದೆ. ಅತ್ತೆ ಬಾಗಿಲಲ್ಲಿ ನಿಂತು ಕಣ್ತುಂಬ ನೋಡಿ, ಮೈಲಿಗೆ ತಾಗದಂತೆ ದೂರದಿಂದಲೇ ಶೇಂಗಾ ಉಂಡಿ ಎಸೆದಳು. ಅಪ್ಪನ ಮಗ್ಗ ಮತ್ತೆ ಖಟಖಟ ಎಂದಿತು.

ಅಂದಿನಿಂದ ನನ್ನ ಮುಟ್ಟು ಅವ್ವನ ಉಸ್ತುವಾರಿಗೆ ಹೋಯಿತು. ತಿಂಗಳಿಗೊಮ್ಮೆ ಆಗುತ್ತಿತ್ತು, ಪರೀಕ್ಷೆ ಹತ್ತಿರ ಬಂದಾಗಂತೂ ತಪ್ಪದೆ. ಚಾಪೆಯ ಮೇಲಿದ್ದವಳಿಗೆ ಅಡುಗೆ ಕೆಲಸವಿಲ್ಲ, ಓದಿಕೊಳ್ಳಲು ಬೇಕಾದಷ್ಟು ಹೊತ್ತು. ಅತ್ತೆ ಓಣಿಯ ಹುಡುಗಿಯರಿಗೆ ಬುದ್ಧಿ ಹೇಳುತ್ತಿದ್ದಳು: "ಆಕೀನ್ನ ನೋಡಿ ಕಲೀರಿ. ಗಡಿಯಾರಧಂಗ ಹೊರಗ ಕೂಡತಾಳ!"

ಎಂ.ಎಸ್ಸಿ. ಪಾಸಾದ ದಿನ ಮನೆಯಲ್ಲಿ ಹೋಳಿಗೆ. ಹಿಟ್ಟು ನಾದುತ್ತಿರುವಾಗಲೇ ಖರೇ ಮುಟ್ಟು ಬಂತು. ಅವ್ವನ ಕಿವಿಯಲ್ಲಿ ಹೇಳಿದೆ. ಅವ್ವ ಚಾಪೆಯ ಕಡೆ ನೋಡಲಿಲ್ಲ. ಲಟ್ಟಣಿಗೆ ನನ್ನ ಕೈಗೇ ಕೊಟ್ಟಳು. ಬೇಯಿಸಿ, ಅತ್ತೆಗೂ ನಾನೇ ಬಡಿಸಿದೆ.

"ಭಾಳ ಛಲೋ ಆಗ್ಯಾವ ಬೇ," ಎಂದಳು ಅತ್ತೆ. "ಇನ್ನೊಂದ ಹಾಕು."

ತುಪ್ಪ ಸುರಿದು ಹಾಕಿದೆ.