ಗುಂಡಿ ಡಬ್ಬಿಯಲ್ಲಿದ್ದ ಸೆಲ್

ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡ ವರ್ಷ ನಾನು ಎರಡು ಊರುಗಳ ನಡುವೆ ಸವೆದುಹೋದೆ. ಅವಳಿದ್ದದ್ದು ಹಾವೇರಿಯಲ್ಲಿ, ನನ್ನ ತಂಗಿಯ ಮನೆಯಲ್ಲಿ. ತಂಗಿಗೆ ಶಾಲೆಯ ನೌಕರಿ. ಹಗಲು ಅವ್ವನ ಹತ್ತಿರ ಕೂರಲು ನಾನೇ ಬೇಕು. ನನ್ನ ಮನೆ, ಗಂಡ, ಹೊಟ್ಟೆಪಾಡಿನ ಡಿಟಿಪಿ ಕೆಲಸ ಎಲ್ಲ ರಾಣೇಬೆನ್ನೂರಿನಲ್ಲಿ. ಹದಿನೈದು ದಿನ ಮುಂಜಾನೆಯ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬಂದೆ. ಬ್ಯಾಡಗಿಗೆ ತಿರುಗುವ ಕ್ರಾಸಿನಲ್ಲಿ ಮೆಣಸಿನಕಾಯಿ ಚೀಲದವರು ಹತ್ತಿದರೆಂದರೆ ಬಸ್ಸಿಗೆ ಬಸ್ಸೇ ಸೀನುತ್ತಿತ್ತು. ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕೂತರೆ ಕಣ್ಣುಗಳು ತಾವಾಗಿಯೇ ಮುಚ್ಚುತ್ತಿದ್ದವು. ಪರೀಕ್ಷೆ ಶುರುವಾಗುವುದರೊಳಗೆ ಒಂದು ಗೈಡಿನ ಪುಟಗಳನ್ನು ಮುಗಿಸಿಕೊಡಬೇಕಿತ್ತು. ತಪ್ಪಿದರೆ ಮುಂದಿನ ಕೆಲಸ ಬೇರೆಯವರಿಗೆ ಎಂದು ಪ್ರೆಸ್ಸಿನವರು ಮೊದಲೇ ಹೇಳಿಬಿಟ್ಟಿದ್ದರು.

ಕಂಪ್ಯೂಟರ್ ಯಂತ್ರವನ್ನೇ ಹಾವೇರಿಗೆ ಒಯ್ಯೋಣವೆಂದರೆ ಪ್ರಿಂಟರ್ ಅದಕ್ಕೇ ಜೋಡಿಸಿದ್ದು, ಪ್ರೆಸ್ಸಿನವರು ಪುಟಗಳನ್ನು ಒಯ್ಯಲು ಬರುವುದೂ ರಾಣೇಬೆನ್ನೂರಿನ ಮನೆಗೇ. ತಂಗಿಯ ಮನೆಯ ಹಳೆಯ ಕಂಪ್ಯೂಟರಿನ ಮಾನಿಟರ್ ಸತ್ತಿತ್ತು. ಕೊನೆಗೆ ಮನೆಯ ಯಂತ್ರವನ್ನು ದೂರದಿಂದ ನಡೆಸುವ ಏರ್ಪಾಡಿಗೆ ಕೈಹಾಕಿದೆ. ಎರಡೂ ಮನೆಗೆ ಬ್ರಾಡ್‌ಬ್ಯಾಂಡ್ ಹೊಸದಾಗಿ ಬಂದಿತ್ತು. ರಿಮೋಟ್ ಡೆಸ್ಕ್‌ಟಾಪ್ ತೆರೆದು, ಪಾಸ್‌ವರ್ಡ್ ಇಟ್ಟು, ಮೋಡೆಮ್‌ನಲ್ಲಿ ದಾರಿ ಬಿಡಿಸುವುದರಲ್ಲಿ ಎರಡು ಭಾನುವಾರ ಹೋದವು. ಆಮೇಲೆ ನನ್ನ ಮಾನಿಟರನ್ನು ಕಂಬಳಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ಹಾವೇರಿಯಲ್ಲೇ ಉಳಿಯುವುದೆಂದು ಬಸ್ಸು ಹತ್ತಿದೆ.

"ಟೀವಿಗೂ ಟಿಕೆಟ್ ತಗೋಬೇಕಾಗ್ತೈತ್ರಿ ಅಕ್ಕಾರ" ಎಂದ ಕಂಡಕ್ಟರ್. ನಗುವಷ್ಟು ತ್ರಾಣವೂ ನನ್ನಲ್ಲಿರಲಿಲ್ಲ.

ಹಾವೇರಿಯ ಪರದೆಯ ಮೇಲೆ ನನ್ನ ಪುಟಗಳು ಮೂಡಿದವು. ಒತ್ತಿದ ಅಕ್ಷರ ತುಸು ತಡವಾಗಿ ಕಾಣುತ್ತಿತ್ತು, ಆದರೂ ಬಸ್ಸಿಗಿಂತ ಬೇಗ. ಕಾಟ ಕೊಟ್ಟದ್ದು ಕರೆಂಟು. ಹೋಗಿ ಬಂತೆಂದರೆ ರಾಣೇಬೆನ್ನೂರಿನ ಯಂತ್ರದ ಬಟನ್ ಒತ್ತಲು ಒಬ್ಬರು ಬೇಕು. ಒಳಗಿನ ಪುಟ್ಟ ಸೆಲ್ ಸತ್ತಿದ್ದರಿಂದ ಅದು ಪ್ರತಿ ಸಲ ತಾರೀಖು ಮರೆತು, ಎಫ್-ಒನ್ ಕೀ ಒತ್ತುವವರೆಗೆ ಹಟ ಹಿಡಿದು ನಿಲ್ಲುತ್ತಿತ್ತು. ನಮ್ಮ ಮನೆಯವರು ಹೊರಕೋಣೆಯಲ್ಲೇ ಟೇಲರಿಂಗ್ ಮಾಡುತ್ತಿದ್ದರು. ಹೊರಡುವ ಮುನ್ನವೇ ಅವರಿಗೆ ಕಲಿಸಿದ್ದೆ.

"ಬಟನ್ ಒತ್ರಿ. ಪೀಪ್ ಅಂತೈತಿ. ಆಮ್ಯಾಲ ಮ್ಯಾಲಿನ ಸಾಲಿನ್ಯಾಗ ಎಡಗಡೆ ಎರಡನೇ ಕೀ."

"ಚಾಲೂ ಆತೋ ಇಲ್ಲೋ ನನಗ ಹೆಂಗ ತಿಳೀಬೇಕು? ಅದಕ್ಕ ಮಾರೀನ ಇಲ್ಲ."

"ನನಗ ಅಲ್ಲಿ ತಿಳೀತೈತಿ."

ಮಿಸ್ಡ್ ಕಾಲ್ ಗೊತ್ತುಮಾಡಿಕೊಂಡೆವು. ನನ್ನದು ಒಂದು ರಿಂಗ್ ಎಂದರೆ ಯಂತ್ರ ಬಿದ್ದಿದೆ; ಅವರದು ಎರಡು ರಿಂಗ್ ಎಂದರೆ ಒತ್ತಿದ್ದೇನೆ. ಯಾರೂ ಎತ್ತಬಾರದು. ಎತ್ತಿ ಮಾತಾಡಲು ನಮ್ಮಲ್ಲಿ ಇದ್ದದ್ದಾದರೂ ಏನು? ಮದುವೆಯಾಗಿ ಹದಿನೆಂಟು ವರ್ಷ; ಜಗಳವಿರಲಿಲ್ಲ, ಹಾಲು, ಗ್ಯಾಸು, ಬಾಡಿಗೆ ಬಿಟ್ಟರೆ ಮಾತೂ ಇರಲಿಲ್ಲ.

ಗಡಿಯಾರದ ಅಂಗಡಿಯಲ್ಲಿ ಸಿಗುವ ಆ ಸೆಲ್ ತಂದು ಹಾಕಿರೆಂದು, ಹಾಕುವ ಬಗೆಯನ್ನೂ ತೋರಿಸಿ ಬಂದಿದ್ದೆ. ಅದೊಂದಿದ್ದರೆ ಕರೆಂಟ್ ಬಂದ ಕೂಡಲೇ ತಾನೇ ಏಳುವಂತೆ ಮಾಡಬಹುದಿತ್ತು. "ನಾಳೆ" ಎಂದರು. ಆ ನಾಳೆ ಬರಲೇ ಇಲ್ಲ. ದಿನಕ್ಕೆ ಮೂರು ನಾಲ್ಕು ಸಲ ಕೆಲಸ ನಿಲ್ಲುತ್ತಿತ್ತು. ಒಂದು ಕಡೆ ಅವ್ವನ ಮಗ್ಗುಲು ಬದಲಿಸಬೇಕು, ಇನ್ನೊಂದು ಕಡೆ ಅಳಿಸಿಹೋದದ್ದನ್ನು ಮತ್ತೆ ಟೈಪ್ ಮಾಡಬೇಕು. ನನಗೆ ಸಿಟ್ಟು ನೆತ್ತಿಗೇರಿತ್ತು.

"ನಿನ್ನ ಅಳಿಯಗ ಒಂದು ಸೆಲ್ ತರಾಕ ಆಗವಲ್ದು ನೋಡವ್ವ."

"ಅಂವಾ ಮರಿಯೋ ಮನಷ್ಯಾ ಅಲ್ಲ ಬಿಡ" ಎಂದಳು ಅವ್ವ, ಗೋಡೆಯ ಕಡೆ ಮುಖ ಮಾಡಿಕೊಂಡು.

ತಂಗಿಗೆ ಬಿಡುವಿದ್ದ ಒಂದು ಭಾನುವಾರ ನಾನೇ ಹಾಕಿಬಿಡುತ್ತೇನೆಂದು ಮನೆಗೆ ಹೋದೆ. ಯಂತ್ರ ಬಿಚ್ಚಲು ಸ್ಕ್ರೂ ಡ್ರೈವರ್ ಹುಡುಕುತ್ತ ಅವರ ಗುಂಡಿ ಡಬ್ಬಿ ತೆಗೆದೆ. ಅಂಗಿ ಗುಂಡಿಗಳ ನಡುವೆ, ಅಂಗಡಿಯ ಕಾಗದದಲ್ಲೇ ಸುತ್ತಿದ ಹೊಸ ಸೆಲ್. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದಂತಾಗಿತ್ತು ನನ್ನ ಗತಿ.

"ಇದನ್ನ ಯಾವಾಗ ತಂದ್ರಿ?"

"ತಿಂಗಳಾತು."

"ಮತ್ತ ಹಾಕಲಿಲ್ಲ ಯಾಕ್ರಿ?"

ಅವರು ಹೊಲಿಯುವುದನ್ನು ನಿಲ್ಲಿಸಿ ದಾರವನ್ನು ಹಲ್ಲಿನಿಂದ ಕಡಿದರು. "ಹಾಕಿದ್ರ ನಿನ್ನ ರಿಂಗ್ ಬರೂದು ನಿಂತ್ ಹೋಗ್ತಿತ್ತು."

ಒಂದು ತಿಂಗಳಿಂದ ಜೋಡಿಸಿಟ್ಟ ಬೈಗುಳ ಬಾಯಲ್ಲೇ ಉಳಿಯಿತು. ಆದರೂ ಸಿಟ್ಟು ಇಳಿಯಲಿಲ್ಲ. ಆ ತಿಂಗಳು ನನ್ನ ಜೀವ ಹಿಂಡಿತ್ತು. ಪಕ್ಕದ ಮನೆಯ ಮಾನಿಟರನ್ನು ಒಂದು ಗಂಟೆಯ ಮಟ್ಟಿಗೆ ಬೇಡಿ ತಂದು, ಸೆಲ್ ಹಾಕಿ, ಯಂತ್ರ ತಾನೇ ಏಳುವಂತೆ ಮಾಡಿದೆ. ಅವರು ಪಕ್ಕದಲ್ಲಿ ನಿಂತು ಬ್ಯಾಟರಿ ಬೆಳಕು ಹಿಡಿದರು.

ಸೋಮವಾರ ನಾನು ಹಾವೇರಿಗೆ ಮರಳಿದ ಮೇಲೆ ರಾಣೇಬೆನ್ನೂರಿನಲ್ಲಿ ಎರಡು ಸಲ ಕರೆಂಟ್ ಹೋಯಿತು. ಎರಡು ಸಲವೂ ಯಂತ್ರ ತಾನೇ ಎದ್ದಿತು. ಮಧ್ಯಾಹ್ನದೊಳಗೆ ಎಂದಿಗಿಂತ ಹೆಚ್ಚು ಪುಟ ಮುಗಿದವು, ಗೈಡ್ ಹೊತ್ತಿಗೆ ಸರಿಯಾಗಿ ಹೋಗುವುದು ಖಾತ್ರಿಯಾಯಿತು. ಅವ್ವ ನಿದ್ದೆ ಹೋಗಿದ್ದಳು. ನನ್ನ ಕೈ ಮಾತ್ರ ಮತ್ತೆ ಮತ್ತೆ ಫೋನಿನ ಕಡೆ ಹೋಗುತ್ತಿತ್ತು. ಕೊನೆಗೆ ಹಚ್ಚಿದೆ. ಒಂದು ರಿಂಗಿಗೆ ಕತ್ತರಿಸಲಿಲ್ಲ. ನಾಲ್ಕನೆಯದಕ್ಕೆ ಅವರು ಎತ್ತಿದರು.

"ಬಿದ್ದೈತೇನು? ಒತ್ತಲೇನು?"

"ಇಲ್ರಿ, ಛಲೋ ನಡದೈತಿ."

"ಮತ್ತ?"

"ಸುಮ್ನ ಮಾಡೇನಿ. ಊಟ ಆತೇನ್ರಿ?"

ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು. ಕುರ್ಚಿ ಎಳೆದುಕೊಂಡದ್ದು ಕೇಳಿಸಿತು.

"ಇನ್ನೂ ಇಲ್ಲ" ಎಂದರು. "ನೀ ಮಾತಾಡು. ಆಮ್ಯಾಲ ಉಣ್ತೇನಿ."